ಸಿ.ಡಿ. ನಕಲಿಗೆ ಉಚಿತ ತಂತ್ರಾಂಶ: ಯಾವುದು, ಏಕೆ, ಹೇಗೆ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಮಂಡ್ಯ ಜಿಲ್ಲೆಯ ಈ ನಾಲ್ಕು ಊರುಗಳ ಪೇಟೆಬೀದಿಯಲ್ಲಿ 2000ದ ದಶಕದಲ್ಲಿ ಓಡಾಡಿದವರಿಗೆ ‘ಇಲ್ಲಿ ಸಿ.ಡಿ. ರೈಟಿಂಗ್ ಮಾಡಿಕೊಡಲಾಗುವುದು’ ಎಂಬ ಫಲಕ ನೆನಪಿರಬಹುದು. ಜೆರಾಕ್ಸ್ ಅಂಗಡಿ, ಡಿ.ಟಿ.ಪಿ. ಕೇಂದ್ರ, ಫೋಟೊ ಸ್ಟುಡಿಯೊ ಎಲ್ಲೆಡೆಯೂ ಈ ಸೇವೆ ಲಭ್ಯವಿತ್ತು. ಮದುವೆ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವ, ಊರ ಹಬ್ಬ, ರಾತ್ರಿಯಿಡೀ ನಡೆದ ಪೌರಾಣಿಕ ನಾಟಕ ಎಲ್ಲವೂ ಬೆಳ್ಳಿ ಬಣ್ಣದ ತಟ್ಟೆಗಳಿಗೆ ಇಳಿದವು. ಮದುವೆ ಮನೆಗೆ ವಧೂವರರ ಚಿತ್ರ ಅಂಟಿಸಿದ ಡಬ್ಬಿಯಲ್ಲಿ ಎರಡೋ ಮೂರೋ ವಿ.ಸಿ.ಡಿ.ಗಳು ಬರುತ್ತಿದ್ದವು.

ಆ ಮನೆಗಳ ಮಕ್ಕಳು ಇಂದು ಬೆಂಗಳೂರು, ಮೈಸೂರುಗಳಲ್ಲಿ ನೆಲೆಸಿದ್ದಾರೆ. ವಿ.ಸಿ.ಡಿ. ಪ್ಲೇಯರು ಗುಜರಿಗೆ ಹೋಗಿದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. ತಟ್ಟೆ ಮಾತ್ರ ಬೀರುವಿನಲ್ಲಿ ಉಳಿದಿದೆ. ಆದರೆ ಅದೂ ಚಿರಂಜೀವಿಯಲ್ಲ. ಬರೆಯಬಹುದಾದ ಸಿ.ಡಿ.ಯಲ್ಲಿ ಮಾಹಿತಿ ದಾಖಲಾಗುವುದು ತೆಳುವಾದ ಬಣ್ಣದ ಪದರವೊಂದರಲ್ಲಿ. ಬೆಳಕು, ಸೆಕೆ, ತೇವಾಂಶಗಳಿಗೆ ಸಿಕ್ಕಿ ಅದು ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತದೆ. ಹೀಗಾಗಿ ಮುಗಿದುಹೋಯಿತೆಂದು ಭಾವಿಸಿದ್ದ ಪ್ರಶ್ನೆಯೊಂದು ಮತ್ತೆ ಎದುರಾಗಿದೆ: ಸಿ.ಡಿ. ನಕಲು ಮಾಡಲು ಯಾವ ತಂತ್ರಾಂಶ ಒಳ್ಳೆಯದು? ಅಂದು ಬರೆಯುವುದು ಮುಖ್ಯವಾಗಿತ್ತು, ಇಂದು ಓದುವುದು ಮುಖ್ಯ. ಓದಲಾಗದ ಭಾಗ ಬಂದಾಗ ಅದನ್ನು ಮುಚ್ಚಿಡದೆ ತಿಳಿಸುವ ತಂತ್ರಾಂಶವನ್ನೇ ಆರಿಸಿಕೊಳ್ಳಬೇಕು ಎಂಬುದು ಈ ಲೇಖನದ ಸಲಹೆ. ಬೆಲೆಯ ಮಾತು ಅನಂತರದ್ದು.

ಉಚಿತವೇ, ಮುಕ್ತವೇ?

ಆ ದಿನಗಳಲ್ಲಿ ಸಿ.ಡಿ. ರೈಟಿಂಗ್ ಎಂದರೆ ನೀರೋ ಎಂಬಂತಾಗಿತ್ತು. ರೋಮ್ ಹೊತ್ತಿ ಉರಿಯುತ್ತಿದ್ದಾಗ ಪಿಟೀಲು ಬಾರಿಸಿದನೆನ್ನಲಾದ ದೊರೆಯ ಹೆಸರನ್ನೇ ಇಟ್ಟುಕೊಂಡು, ಉರಿಯುವ ಕೊಲೋಸಿಯಂ ಚಿತ್ರವನ್ನೇ ಲಾಂಛನವಾಗಿಸಿಕೊಂಡ ಜರ್ಮನಿಯ ತಂತ್ರಾಂಶವದು. ಸಿ.ಡಿ. ಡ್ರೈವ್ ಕೊಂಡಾಗ ಜೊತೆಯಲ್ಲೇ ಬರುತ್ತಿದ್ದ ಕಿರು ಆವೃತ್ತಿಯನ್ನು ಬಳಸಿದವರು ಕೆಲವರಾದರೆ, ಎಲ್ಲಿಂದಲೋ ಬಂದ ನಕಲಿ ಪ್ರತಿಯನ್ನು ಬಳಸಿದವರು ಹಲವರು. ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ನಕಲಿ ಎಂದು ತಿಳಿದೂ ಗಣಕಯಂತ್ರ ತಂತ್ರಾಂಶ ಬಳಸುವುದು ಅಪರಾಧ. 7 ದಿನಗಳಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಅಂಥ ಅಪಾಯ ಮೈಮೇಲೆ ಎಳೆದುಕೊಳ್ಳುವ ಅಗತ್ಯ ಅಂದೂ ಇರಲಿಲ್ಲ, ಇಂದೂ ಇಲ್ಲ.

ಆದರೆ ‘ಉಚಿತ’ ಎಂಬ ಒಂದೇ ಪದದಡಿ ಮೂರು ಬಗೆಯ ಸರಕು ಸಿಗುತ್ತದೆ. ಕೆಲವು ದಿನಗಳ ಬಳಿಕ ಹಣ ಕೇಳುವ ಪರೀಕ್ಷಾರ್ಥ ಆವೃತ್ತಿ ಒಂದು. ಹಣ ಕೇಳದಿದ್ದರೂ ಮೂಲ ಸಂಕೇತವನ್ನು ತೋರಿಸದ ತಂತ್ರಾಂಶ ಇನ್ನೊಂದು. ಯಾರು ಬೇಕಾದರೂ ಬಳಸಬಹುದಾದ, ಬಿಚ್ಚಿ ನೋಡಬಹುದಾದ, ತಿದ್ದಿ ಹಂಚಬಹುದಾದ ಮುಕ್ತ ತಂತ್ರಾಂಶ ಮೂರನೆಯದು. ಮನೆಯ ಬಳಕೆಗೆ ಎರಡನೆಯದಕ್ಕೂ ಮೂರನೆಯದಕ್ಕೂ ಹೆಚ್ಚು ವ್ಯತ್ಯಾಸ ಕಾಣದು. ಅಂಗಡಿ ಇಟ್ಟವರಿಗೆ ಮಾತ್ರ ಕಾಣುತ್ತದೆ. ಹಾಡಿನ ಸಿ.ಡಿ. ಓದುವುದರಲ್ಲಿ ಹೆಸರಾದ ‘ಎಕ್ಸಾಕ್ಟ್ ಆಡಿಯೊ ಕಾಪಿ’ ವಾಣಿಜ್ಯೇತರ ಬಳಕೆಗೆ ಮಾತ್ರ ಉಚಿತ. ಹಣ ಪಡೆದು ಕೆಲಸ ಮಾಡಿಕೊಡುವ ಸ್ಟುಡಿಯೊಗೆ ಆ ವಿನಾಯಿತಿ ಅನ್ವಯಿಸದು. ‘ಸಿಡಿಬರ್ನರ್‌ಎಕ್ಸ್‌ಪಿ’ಯ ಮೂಲ ಸಂಕೇತ ಮುಕ್ತವಲ್ಲ, ಆದರೆ ವ್ಯಾಪಾರಿಗಳಿಗೂ ಅದು ಉಚಿತ. ಹೀಗಾಗಿ ಅನುಸ್ಥಾಪಿಸುವ ಮುನ್ನ ಪರವಾನಗಿಯ ಮೊದಲ ಪುಟವನ್ನಾದರೂ ಓದುವುದು ಲೇಸು.

ಮುಕ್ತ ತಂತ್ರಾಂಶದ ಲೋಕದಲ್ಲೂ ಜಗಳಗಳಿವೆ. ಲಿನಕ್ಸ್‌ನ ಬಹುತೇಕ ಸಿ.ಡಿ. ತಂತ್ರಾಂಶಗಳ ಬೆನ್ನೆಲುಬಾಗಿದ್ದ ‘ಸಿಡಿಆರ್‌ಟೂಲ್ಸ್’ ಪರವಾನಗಿಯ ವಿಷಯದಲ್ಲಿ ಅದರ ಕರ್ತೃ ಯೋರ್ಗ್ ಶಿಲ್ಲಿಂಗ್ ಅವರಿಗೂ ಡೆಬಿಯನ್ ಬಳಗಕ್ಕೂ ವಿವಾದವಾಗಿ, 2006ರಲ್ಲಿ ‘ಸಿಡಿಆರ್‌ಕಿಟ್’ ಎಂಬ ಕವಲು ಹುಟ್ಟಿತು. ಮೂಲ ಸಂಕೇತ ಬಹಿರಂಗವಾಗಿದ್ದ ಕಾರಣದಿಂದಲೇ ಜಗಳದ ನಡುವೆಯೂ ಕೆಲಸ ನಿಲ್ಲಲಿಲ್ಲ.

ಮೊದಲು ತಟ್ಟೆಯ ಜಾತಿ ತಿಳಿಯಿರಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಹೊರಗಿನಿಂದ ಎಲ್ಲ ಸಿ.ಡಿ.ಗಳೂ ಒಂದೇ. ಒಳಗೆ ಮೂರು ಪ್ರಮುಖ ಬಗೆಗಳಿವೆ: ಕಡತಗಳ ಸಿ.ಡಿ., ಹಾಡಿನ ಸಿ.ಡಿ., ವಿಡಿಯೊ ಸಿ.ಡಿ.

ಕಡತಗಳ ಸಿ.ಡಿ.ಯಲ್ಲಿ ಪ್ರತಿ ವಿಭಾಗಕ್ಕೆ 2,352 ಬೈಟ್ ಸ್ಥಳವಿದ್ದರೂ ಮಾಹಿತಿಗೆ ಸಿಗುವುದು 2,048 ಮಾತ್ರ. ಉಳಿದುದರ ಬಹುಪಾಲು ದೋಷ ಪತ್ತೆಗೆ, ತಿದ್ದುಪಡಿಗೆ ಮೀಸಲು. ಸಣ್ಣಪುಟ್ಟ ಗೀರುಗಳನ್ನು ಅದು ತಾಳಿಕೊಳ್ಳಬಲ್ಲುದು. ವಿ.ಸಿ.ಡಿ.ಯಲ್ಲಿ ಚಿತ್ರ ಹೆಚ್ಚು ಹಿಡಿಸಲೆಂದು ಈ ಹೆಚ್ಚುವರಿ ರಕ್ಷಣೆಯನ್ನು ಬಿಟ್ಟುಕೊಡಲಾಗಿದೆ. ಆದಕಾರಣ ಮದುವೆಯ ವಿ.ಸಿ.ಡಿ. ಕಡತಗಳ ಸಿ.ಡಿ.ಗಿಂತ ಬೇಗ ಕೈಕೊಡುವ ಸಂಭವ ಹೆಚ್ಚು. ಹಾಡಿನ ಸಿ.ಡಿ.ಯಲ್ಲೂ ಆ ಪದರ ಇಲ್ಲ. ಜೊತೆಗೆ ಅದರಲ್ಲಿ ಕಡತಗಳೇ ಇರುವುದಿಲ್ಲ, ಇರುವುದು ಧ್ವನಿಯ ಹರಿವು ಮಾತ್ರ.

ಇದರ ಪರಿಣಾಮವೇನು? ‘ಐ.ಎಸ್.ಒ.’ ಎಂಬ ಪ್ರಸಿದ್ಧ ಪ್ರತಿಬಿಂಬ ಕಡತ ಮೊದಲ ಬಗೆಗೆ ಮಾತ್ರ ಸರಿ. ಹಾಡಿನ ಸಿ.ಡಿ.ಯನ್ನೂ ವಿ.ಸಿ.ಡಿ.ಯನ್ನೂ ಇದ್ದುದಿದ್ದಂತೆ ಇಳಿಸಿಕೊಳ್ಳಲು ‘ಬಿನ್’ ಮತ್ತು ‘ಕ್ಯೂ’ ಎಂಬ ಜೋಡಿ ಕಡತಗಳು ಬೇಕು. ಈ ಜೋಡಿಯನ್ನು ನಿರ್ಮಿಸಲು ಬಾರದ ತಂತ್ರಾಂಶವನ್ನು, ಅದೆಷ್ಟೇ ಅಂದವಾಗಿದ್ದರೂ, ವಿ.ಸಿ.ಡಿ. ಇರುವವರು ಬದಿಗಿಡಬಹುದು.

ಆಯ್ಕೆಗಳು

ವಿಂಡೋಸ್ ಬಳಕೆದಾರರಿಗೆ ‘ಇಮ್ಗ್‌ಬರ್ನ್’ ಇಂದಿಗೂ ಮೊದಲ ಆಯ್ಕೆ. ತಟ್ಟೆಯ ಬಗೆಯನ್ನು ತಾನೇ ಗುರುತಿಸಿ ಐ.ಎಸ್.ಒ. ಅಥವಾ ಬಿನ್-ಕ್ಯೂ ನಿರ್ಮಿಸುತ್ತದೆ. ಕೆಟ್ಟ ವಿಭಾಗ ಎದುರಾದಾಗ ಮತ್ತೆ ಮತ್ತೆ ಯತ್ನಿಸುತ್ತದೆ, ಆಗದಿದ್ದರೆ ಯಾವ ವಿಭಾಗ ಎಂದು ದಾಖಲಿಸುತ್ತದೆ. ಓದಲಾಗದ ಭಾಗವನ್ನು ಬಿಟ್ಟು ಮುಂದೆ ಸಾಗುವಂತೆಯೂ ಹೇಳಬಹುದು. ಬರೆದ ಮೇಲೆ ತಾಳೆ ನೋಡುವ ಸೌಲಭ್ಯವೂ ಇದೆ. ಆದರೆ ಇದರ 2.5.8.0 ಆವೃತ್ತಿ ಬಂದದ್ದು 2013ರಲ್ಲಿ. ಅನುಸ್ಥಾಪಕದೊಂದಿಗೆ ಬೇಡದ ಜಾಹೀರಾತು ತಂತ್ರಾಂಶಗಳನ್ನು ತುರುಕಿದ್ದಕ್ಕೆ ಟೀಕೆಗೂ ಗುರಿಯಾಗಿತ್ತು. ‘ಮುಂದೆ, ಮುಂದೆ’ ಎಂದು ಕಣ್ಣುಮುಚ್ಚಿ ಒತ್ತುವ ನಮ್ಮೆಲ್ಲರ ಅಭ್ಯಾಸಕ್ಕೆ ಇಲ್ಲಿ ಕಡಿವಾಣ ಬೇಕು. ಪ್ರತಿ ಪುಟವನ್ನೂ ಓದಿ, ಟಿಕ್ ಗುರುತು ತೆಗೆದು ಮುಂದುವರಿಯಿರಿ.

ಮುಕ್ತವಾದುದೇ ಬೇಕೆನ್ನುವವರಿಗೆ ‘ಇನ್ಫ್ರಾರೆಕಾರ್ಡರ್’ ಇದೆ. ಜಿ.ಪಿ.ಎಲ್. ಪರವಾನಗಿ, ಸರಳ ವಿನ್ಯಾಸ. ದಶಕಕ್ಕೂ ಹೆಚ್ಚು ಕಾಲದಿಂದ ಹೊಸ ಆವೃತ್ತಿ ಇಲ್ಲದಿದ್ದರೂ ಸಾಮಾನ್ಯ ಕಡತಗಳನ್ನು ಬರೆಯಲು ಸಾಕು, ಸೊರಗಿದ ತಟ್ಟೆಯ ಚೇತರಿಕೆಗೆ ಸಾಲದು. ಇನ್ನು ಏನನ್ನೂ ಇಳಿಸಿಕೊಳ್ಳಲು ಇಷ್ಟವಿಲ್ಲದವರಿಗೆ ವಿಂಡೋಸ್‌ನಲ್ಲೇ ಅಲ್ಪಸ್ವಲ್ಪ ಅನುಕೂಲವಿದೆ. 2001ರ ಎಕ್ಸ್‌ಪಿಯಿಂದಲೇ ಕಡತಗಳನ್ನು ಸಿ.ಡಿ.ಗೆ ಬರೆಯಬಹುದಾಗಿತ್ತು. 2009ರ ವಿಂಡೋಸ್ 7ರಿಂದ ಐ.ಎಸ್.ಒ. ಕಡತವನ್ನೂ ಬರೆಯಬಹುದು. ಖಾಲಿ ತಟ್ಟೆ ಹಾಕಿದಾಗ ಅದು ಎರಡು ಆಯ್ಕೆ ನೀಡುತ್ತದೆ. ಯು.ಎಸ್.ಬಿ. ಡ್ರೈವ್‌ನಂತೆ ಬಳಸುವ ಆಯ್ಕೆಯನ್ನು ಒಪ್ಪಿದರೆ ಹಳೆಯ ಪ್ಲೇಯರ್‌ಗಳಲ್ಲಿ ಆ ತಟ್ಟೆ ಓಡದು. ಸಿ.ಡಿ./ಡಿ.ವಿ.ಡಿ. ಪ್ಲೇಯರ್‌ಗೆ ಎಂಬುದನ್ನೇ ಆರಿಸಿ.

ಲಿನಕ್ಸ್‌ನಲ್ಲಿ ಪರಿಸ್ಥಿತಿ ಹೆಚ್ಚು ಆಶಾದಾಯಕ. ಕೆಡಿಇ ಬಳಗದ ‘ಕೆ3ಬಿ’ ಇಂದಿಗೂ ನಿರ್ವಹಣೆಯಲ್ಲಿದೆ. ಕಡತ, ಹಾಡು, ವಿ.ಸಿ.ಡಿ. ಮೂರನ್ನೂ ಬಲ್ಲುದು. ಗ್ನೋಮ್‌ನ ‘ಬ್ರಸೆರೊ’ ಇನ್ನಷ್ಟು ಸರಳ. ಹಳೆಯ ಗಣಕಯಂತ್ರವೊಂದು ಮೂಲೆಯಲ್ಲಿ ಬಿದ್ದಿದ್ದರೆ ಅದಕ್ಕೆ ಲಿನಕ್ಸ್ ಹಾಕಿ ಸಿ.ಡಿ. ಕೆಲಸಕ್ಕೇ ಮೀಸಲಿಡುವುದು ಜಾಣತನ. ಆ ಕಾಲದ ಡ್ರೈವ್‌ಗಳು ಕೆಲವೊಮ್ಮೆ ಈಗಿನ ಅಗ್ಗದ ಯು.ಎಸ್.ಬಿ. ಡ್ರೈವ್‌ಗಳಿಗಿಂತ ಚೆನ್ನಾಗಿ ಓದುತ್ತವೆ.

ಸೊರಗಿದ ತಟ್ಟೆಗೆ ಚಿಕಿತ್ಸೆ

ಕಡತಗಳ ಸಿ.ಡಿ. ಅರ್ಧಕ್ಕೆ ನಿಂತರೆ ‘ಗ್ನು ಡಿಡಿರೆಸ್ಕ್ಯೂ’ ಎಂಬ ಮುಕ್ತ ತಂತ್ರಾಂಶವನ್ನು ನೆನೆಯಬೇಕು. ಆದೇಶ ಬೆರಳಚ್ಚಿಸಿ ನಡೆಸಬೇಕಾದ ಕಾರಣ ಮೊದಲಿಗೆ ಅಳುಕಾಗುವುದು ಸಹಜ. ಆದರೆ ಇದರ ಯುಕ್ತಿ ಸೊಗಸಾಗಿದೆ. ಮೊದಲು ಸುಲಭವಾಗಿ ಸಿಗುವ ಭಾಗಗಳನ್ನೆಲ್ಲ ಬಾಚಿಕೊಳ್ಳುತ್ತದೆ, ಆಮೇಲೆ ಹಟಮಾರಿ ಭಾಗಗಳತ್ತ ತಿರುಗುತ್ತದೆ. ಏನು ಸಿಕ್ಕಿತು, ಏನು ಬಾಕಿ ಎಂಬ ನಕ್ಷೆಯನ್ನು ಬೇರೊಂದು ಕಡತದಲ್ಲಿ ಬರೆದಿಡುತ್ತದೆ. ಅದೇ ನಕ್ಷೆಯೊಂದಿಗೆ ತಟ್ಟೆಯನ್ನು ಇನ್ನೊಂದು ಡ್ರೈವ್‌ಗೆ ಹಾಕಿದರೆ ಬಾಕಿ ಉಳಿದ ಭಾಗವನ್ನಷ್ಟೇ ಹುಡುಕುತ್ತದೆ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು. ಮೈಸೂರಿನ ಅಣ್ಣನ ಮನೆಯ ಡ್ರೈವ್‌ನಲ್ಲಿ ಅರ್ಧ, ಬೆಂಗಳೂರಿನ ಗೆಳೆಯನ ಮನೆಯ ಡ್ರೈವ್‌ನಲ್ಲಿ ಉಳಿದರ್ಧ ಎಂಬಂತೆಯೂ ಕೆಲಸ ಸಾಗಿಸಬಹುದು.

ವಿ.ಸಿ.ಡಿ.ಗೆ ಈ ಉಪಾಯ ನಡೆಯದು. ಅದರ ‘ಎಂಪೆಗ್‌ಎವಿ’ ಕಡತಕೋಶದೊಳಗಿನ ‘ಡ್ಯಾಟ್’ ಕಡತವೇ ಮದುವೆಯ ಚಿತ್ರ. ವಿಂಡೋಸ್‌ನಲ್ಲಿ ಅದನ್ನು ಎಳೆದು ಹಾಕಿಕೊಳ್ಳಲು ಹೊರಟರೆ ಮೊದಲ ದೋಷಕ್ಕೇ ಕೆಲಸ ನಿಲ್ಲುತ್ತದೆ. ಇಮ್ಗ್‌ಬರ್ನ್‌ನಲ್ಲಿ ಬಿನ್-ಕ್ಯೂ ತೆಗೆಯುವುದು, ಇಲ್ಲವೇ ಲಿನಕ್ಸ್‌ನಲ್ಲಿ ‘ವಿಸಿಡಿಇಮೇಜರ್’ ಬಳಸುವುದು ಉತ್ತಮ. ನಡುವೆ ಎರಡು ಕ್ಷಣ ಚಿತ್ರ ಚದುರಿದರೂ ಮುಹೂರ್ತದ ಭಾಗ ಉಳಿದೀತು. ಹೊರಬಂದ ಚಿತ್ರವನ್ನು ‘ವಿಎಲ್‌ಸಿ’ ತೋರಿಸುತ್ತದೆ.

ಹಾಡಿನ ಸಿ.ಡಿ.ಗೆ ಎಕ್ಸಾಕ್ಟ್ ಆಡಿಯೊ ಕಾಪಿ ಅಥವಾ ಲಿನಕ್ಸ್‌ನ ‘ಸಿಡಿಪ್ಯಾರನೋಯ’ ಬಳಸಿ. ಒಮ್ಮೆ ಓದಿದ್ದನ್ನೇ ನಂಬದೆ ಮತ್ತೊಮ್ಮೆ ಓದಿ ಹೋಲಿಸುವುದು ಇವುಗಳ ಗುಣ. ಇಳಿಸಿದ ಧ್ವನಿಯನ್ನು ಎಂಪಿ3 ಮಾಡಿ ಕುಗ್ಗಿಸದೆ ‘ಫ್ಲ್ಯಾಕ್’ ರೂಪದಲ್ಲಿಡಿ.

ಇಷ್ಟೆಲ್ಲ ಶ್ರಮ ಯಾರಿಗಾಗಿ? ಜನಪದ ಸಂಗ್ರಾಹಕ ಎಚ್.ಎಲ್. ನಾಗೇಗೌಡರು 1915ರಲ್ಲಿ ಹುಟ್ಟಿದ್ದು ನಾಗಮಂಗಲ ತಾಲ್ಲೂಕಿನಲ್ಲಿ. ಹಳ್ಳಿಗರ ಹಾಡು, ಕಥೆಗಳನ್ನು ಕಲೆಹಾಕಿದ ಅವರು ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ಅಂಥ ಸಂಸ್ಥೆಗಳ ಕಪಾಟು ಸೇರಿದ ದನಿಗಳಿಗೆ ಕಾಯುವವರಿದ್ದಾರೆ. ಮದುವೆಯ ಚಪ್ಪರದಲ್ಲಿ ಸೋಬಾನೆ ಹಾಡಿದ ಅಜ್ಜಿಯ ದನಿಗೆ, ಊರ ನಾಟಕದಲ್ಲಿ ದುರ್ಯೋಧನನಾದ ಚಿಕ್ಕಪ್ಪನ ಕಂದಪದ್ಯಕ್ಕೆ ಮನೆಯ ಬೀರುವಿನ ಆ ಒಂದು ತಟ್ಟೆಯೇ ಗತಿ. ಸಿನಿಮಾ ಹಾಡಿನ ಸಿ.ಡಿ. ಹಾಳಾದರೆ ಇನ್ನೊಂದು ಸಿಕ್ಕೀತು, ಇದು ಸಿಗದು. ಆದ್ದರಿಂದ ನಕಲಿನ ಸರದಿಯಲ್ಲಿ ಇಂಥವೇ ಮೊದಲು ಬರಲಿ.

ಬರೆಯುವಾಗ

ಮತ್ತೆ ಸಿ.ಡಿ.ಗೇ ಬರೆಯಬೇಕೆಂದಿದ್ದರೆ ಕೆಲವು ಮಾತು. 52 ಪಟ್ಟು ವೇಗದ ಆಸೆ ಬೇಡ. 16 ಅಥವಾ 24 ಪಟ್ಟು ವೇಗ ಸಾಕು, 700 ಎಂ.ಬಿ. ತಟ್ಟೆ ಐದಾರು ನಿಮಿಷಗಳಲ್ಲಿ ಮುಗಿಯುತ್ತದೆ. ತಡೆರಹಿತ ಹರಿಕಥೆ, ಕಛೇರಿಗಳನ್ನು ‘ಡಿಸ್ಕ್ ಅಟ್ ಒನ್ಸ್’ ವಿಧಾನದಲ್ಲಿ ಬರೆಯಿರಿ, ಇಲ್ಲವಾದರೆ ಹಾಡು ಹಾಡಿನ ನಡುವೆ ಎರಡು ಸೆಕೆಂಡು ಮೌನ ನುಸುಳುತ್ತದೆ. ವಿದ್ಯುತ್ ಕೈಕೊಡುವ ಊರಿನಲ್ಲಿ ಯು.ಪಿ.ಎಸ್. ಇಲ್ಲದೆ ಬರೆಯಲು ಕೂರಬೇಡಿ. ಮುಗಿದ ಮೇಲೆ ತಾಳೆ ನೋಡುವ ಆಯ್ಕೆಯನ್ನು ಎಂದೂ ಕೈಬಿಡಬೇಡಿ. ಈ ವರದಿಗಾರ ಒಮ್ಮೆ ಆ ಐದು ನಿಮಿಷ ಉಳಿಸಲು ಹೋಗಿ, ಮೂಲ ಕಡತಗಳನ್ನು ಅಳಿಸಿ, ಮಾರನೆಯ ದಿನ ಖಾಲಿ ತಟ್ಟೆಯ ಮುಂದೆ ಕುಳಿತದ್ದುಂಟು.

ಕನ್ನಡದಲ್ಲಿ ಕಡತದ ಹೆಸರು ಇಡುವವರು ‘ಜೋಲಿಯೆಟ್’ ಎಂಬ ಆಯ್ಕೆ ಚಾಲ್ತಿಯಲ್ಲಿದೆಯೇ ನೋಡಬೇಕು. ಮೂಲ ಐ.ಎಸ್.ಒ. ಮಾನಕಕ್ಕೆ ಇಂಗ್ಲಿಷ್ ಅಕ್ಷರಗಳಷ್ಟೇ ಗೊತ್ತು. ಜೋಲಿಯೆಟ್ ಯೂನಿಕೋಡ್ ಬಲ್ಲುದು, ಆದರೆ 64 ಸಂಕೇತಗಳ ಮಿತಿ ಇದೆ. ಒತ್ತು, ಗುಣಿತಗಳೂ ಲೆಕ್ಕಕ್ಕೆ ಬರುವುದರಿಂದ ಕಣ್ಣಿಗೆ ಆರು ಅಕ್ಷರವಾಗಿ ಕಾಣುವ ‘ಶ್ರೀರಂಗಪಟ್ಟಣ’ 12 ಸಂಕೇತಗಳನ್ನು ನುಂಗುತ್ತದೆ. ಹೆಸರು ಚಿಕ್ಕದಿರಲಿ. ಡಿ.ಟಿ.ಪಿ. ಕಾಲದ ನುಡಿ ಅಕ್ಷರಶೈಲಿಯ ದಾಖಲೆಗಳಿದ್ದರೆ ಆ ಫಾಂಟನ್ನೂ ಅದೇ ತಟ್ಟೆಯಲ್ಲಿಡಿ.

ಯಾವುದನ್ನು ನಕಲಿಸಬಹುದು?

ಸ್ವಂತ ಮನೆಯ ಸಮಾರಂಭದ ತಟ್ಟೆಯನ್ನು ಮನೆಯವರಿಗಾಗಿ ನಕಲಿಸಲು ಅಂಜಬೇಕಿಲ್ಲ. ಅಂಗಡಿಯಲ್ಲಿ ಕೊಂಡ ಹಾಡಿನ ಸಿ.ಡಿ.ಯ ಮಾತು ಬೇರೆ. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯವರಾದ ಕೆ.ಎಸ್. ನರಸಿಂಹಸ್ವಾಮಿ ಅವರ ‘ಮೈಸೂರ ಮಲ್ಲಿಗೆ’ ಪ್ರಕಟವಾದದ್ದು 1942ರಲ್ಲಿ. ಹಳೆಯದಾಯಿತು, ಎಲ್ಲರ ಸ್ವತ್ತು ಎಂದು ಹಲವರು ತಿಳಿದಿದ್ದಾರೆ. ಕವಿ ತೀರಿಕೊಂಡದ್ದು 2003ರಲ್ಲಿ. ಕವಿಯ ನಿಧನಾನಂತರ 60 ವರ್ಷ ಎಂಬ ಕಾನೂನಿನ ಲೆಕ್ಕದಲ್ಲಿ 2063ರ ಕೊನೆಯವರೆಗೆ ಆ ಸಾಹಿತ್ಯಕ್ಕೆ ಹಕ್ಕುದಾರರಿದ್ದಾರೆ. ಧ್ವನಿಮುದ್ರಣಕ್ಕೆ ಪ್ರಕಟಣೆಯಿಂದ 60 ವರ್ಷದ ಪ್ರತ್ಯೇಕ ಹಕ್ಕಿದೆ. 2012ರ ತಿದ್ದುಪಡಿಯ ಬಳಿಕ ಖಾಸಗಿ ಬಳಕೆಯ ನ್ಯಾಯಯುತ ವಿನಾಯಿತಿ ಧ್ವನಿಮುದ್ರಣಗಳಿಗೂ ವಿಸ್ತರಿಸಿದೆ. ಅದು ನಮ್ಮ ಕೇಳ್ಮೆಗಷ್ಟೆ, ನೆಂಟರಿಷ್ಟರಿಗೆ ಹಂಚಲಿಕ್ಕಲ್ಲ, ಮಾರಲಿಕ್ಕಂತೂ ಅಲ್ಲವೇ ಅಲ್ಲ. ಗೂಂಡಾಗಳ ವಿರುದ್ಧದ ಕರ್ನಾಟಕದ 1985ರ ಕಾಯ್ದೆಯ ಉದ್ದನೆಯ ಹೆಸರಿನಲ್ಲಿ ವಿಡಿಯೊ, ಆಡಿಯೊ ಕಳ್ಳನಕಲುದಾರರೂ ಸೇರಿದ್ದಾರೆಂಬುದನ್ನು ವ್ಯಾಪಾರಕ್ಕಿಳಿಯುವವರು ಗಮನಿಸಬೇಕು.

ನಕಲು ಮುಗಿದ ಬಳಿಕ ಮೂಲ ತಟ್ಟೆಯನ್ನು ಎಸೆಯಬೇಡಿ. ಹೆಸರು ಬರೆಯುವ ಬದಿಯಲ್ಲೇ ಮಾಹಿತಿಯ ಪದರ ಇರುವುದರಿಂದ ಬಾಲ್ ಪೆನ್ನಿನಿಂದ ಒತ್ತಿ ಬರೆಯದೆ, ಮೃದು ತುದಿಯ ಮಾರ್ಕರ್‌ನಿಂದ ಒಳವೃತ್ತದ ಬಳಿ ದಿನಾಂಕ ಬರೆದು, ಬಿಸಿಲು ತಾಗದ ಕಡೆ ನಿಲ್ಲಿಸಿಡಿ. ಒರೆಸುವುದಾದರೆ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ವೃತ್ತಾಕಾರದಲ್ಲಿ ಬೇಡ. ಇಳಿಸಿಕೊಂಡ ಕಡತದ ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿರಲಿ, ಇನ್ನೊಂದು ಬೇರೆ ಊರಿನಲ್ಲಿರುವ ಅಕ್ಕನದೋ ತಮ್ಮನದೋ ಮನೆಯಲ್ಲಿರಲಿ.