ಕೊನೆಯ ಸಾಲು ಎಲ್ಲಿದೆ?

ಬಡಾವಣೆಯ ಬಾರಿನಲ್ಲಿ ವಾರವಿಡೀ ರಾಕ್ ಬ್ಯಾಂಡುಗಳು ನುಡಿಸಿದರೆ ಅಕ್ಕಪಕ್ಕದವರು ಮೊದಲು ಗೊಣಗುವುದು ಸದ್ದಿನ ಬಗ್ಗೆ. ಮೈಸೂರಿನ ಅಗ್ರಹಾರದಂಥ ಹಳೆಯ ಕೇರಿಯಲ್ಲಾದರೆ ಇನ್ನೊಂದು ಮಾತೂ ಸೇರುತ್ತದೆ: 'ನಮ್ಮ ಸಂಗೀತ ಹೀಗಿರಲಿಲ್ಲ.' ಆದರೆ ದೊಡ್ಡ ನಾದದ ಹಂಬಲ ಈ ಊರಿಗೆ ಹೊಸತಲ್ಲ.

ಗಾಯಕ ಬಿಡಾರಂ ಕೃಷ್ಣಪ್ಪನವರು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿದರು. ಅಲ್ಲಿ ಉತ್ಸವವೆಂದರೆ ಕಚೇರಿಗಳ ಸಾಲು. ಅವರ ಶಿಷ್ಯ ಟಿ. ಚೌಡಯ್ಯನವರನ್ನು (1895–1967) ಒಂದು ಕೊರತೆ ಕಾಡುತ್ತಿತ್ತು. ಮೈಕಿಲ್ಲದ ದೊಡ್ಡ ಸಭೆಗಳಲ್ಲಿ ಪಿಟೀಲಿನ ನಾದ ಹಿಂದೆ ಕೂತವರನ್ನು ಮುಟ್ಟುತ್ತಿರಲಿಲ್ಲ. ಅವರು ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಸೇರಿಸಿದರು. ಏಳು ತಂತಿಯ ಪಿಟೀಲಿಗೆ ಟೀಕೆಯೂ ಬಂತು, ಅಭಿಮಾನಿಗಳೂ ಬಂದರು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅಮೆರಿಕದ ವಾದ್ಯವೃಂದಗಳಲ್ಲಿ ತುತ್ತೂರಿಗಳ ನಡುವೆ ಗಿಟಾರ್ ಕೇಳಿಸುತ್ತಿರಲಿಲ್ಲ. ಅದಕ್ಕೆ ವಿದ್ಯುತ್ ಜೋಡಿಸಿದರು. 1932ರ ಹೊತ್ತಿಗೆ ಎಲೆಕ್ಟ್ರಿಕ್ ಗಿಟಾರ್ ಅಂಗಡಿಗೆ ಬಂತು. ಮುಂದೆ ರಾಕ್ ಸಂಗೀತಕ್ಕೆ ಅದೇ ಬೆನ್ನೆಲುಬಾಯಿತು.

ಎರಡರ ಹಿಂದೆಯೂ ಇದ್ದದ್ದು ಕೊನೆಯ ಸಾಲಿನ ಕೇಳುಗ. ಹಾಗೆಂದು ನೆರೆಯವರ ಗೊಣಗಾಟ ಸುಳ್ಳಲ್ಲ. ಚೌಡಯ್ಯನವರ ನಾದ ಕೇಳಲು ಬಂದವರನ್ನು ತಲುಪಿತು. ಇಂದಿನ ಸ್ಪೀಕರ್, ಬಾರದೆ ಮನೆಯಲ್ಲಿ ಮಲಗಿದವರನ್ನೂ ತಲುಪುತ್ತದೆ. ಜಗಳ ನಿಜವಾಗಿ ರಾಕ್‌ನದಲ್ಲ, ಕೊನೆಯ ಸಾಲು ಎಲ್ಲಿ ಮುಗಿಯಬೇಕೆಂಬುದರದು.