ಹಿತ್ತಲ ಮರೆಗೆ ಬಂದ ಗಿಡಗಳು

ಹಿತ್ತಲಿಗೆ ಮರೆ ಕಟ್ಟೋದು ನಮ್ಮಲ್ಲಿ ಹೊಸದಲ್ಲ. ಬಚ್ಚಲು, ಪಾತ್ರೆ ತೊಳೆಯೋ ಕಲ್ಲು ಎಲ್ಲಾ ಮನೆ ಹಿಂದೆ ಇದ್ದ ಕಾಲದಲ್ಲಿ ಹೆಂಗಸರಿಗೆ ಮರೆ ಅಂದ್ರೆ ಅಡಿಕೆ ಸೋಗೆ, ತೆಂಗಿನ ಗರಿಯ ತಟ್ಟಿ. ಒಂದೆರಡು ಮಳೆಗಾಲಕ್ಕೆ ಕೊಳೆತು ಗೊಬ್ಬರದ ಗುಂಡಿ ಸೇರ್ತಿತ್ತು. ಬಾಳಿಕೆಗೆ ಅಂತ ನೆಟ್ಟಿದ್ದು ಲಕ್ಕಿ, ಆಡುಸೋಗೆ. ಇವಕ್ಕೆ ಆಡೂ ಬಾಯಿ ಹಾಕಲ್ಲ.

ಆಮೇಲೆ ಕಡಲಾಚೆಯವು ಬಂದವು. ಕತ್ತಾಳೆ ಮೆಕ್ಸಿಕೋ ಕಡೇದು, ಗ್ಲಿರಿಸಿಡಿಯಾ ಮಧ್ಯ ಅಮೆರಿಕದ್ದು. ಲಂಟಾನವನ್ನ ಬ್ರಿಟಿಷರು 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಬಂಗಲೆಗಳಿಗೆ ಅದು ಹೂ ಬಿಡೋ ಅಂದದ ಬೇಲಿ. ಆದ್ರೆ ಹಣ್ಣು ತಿಂದ ಹಕ್ಕಿಗೆ ಯಾವ ಬೇಲಿಯ ಲೆಕ್ಕ? ಇವತ್ತು ಬಂಡೀಪುರ, ಬಿಳಿಗಿರಿರಂಗನಬೆಟ್ಟದ ಕಾಡಲ್ಲಿ ಹುಲ್ಲಿನ ಜಾಗವನ್ನೆಲ್ಲ ಅದೇ ನುಂಗಿದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದನ್ನ ಕಡಿದು ಕುರ್ಚಿ, ಮೇಜು ಮಾಡ್ತಾರೆ. ಆದ್ರೂ ಮುಗಿಯೋ ಮಾತಲ್ಲ.

ಈಗ ಹಸಿರು ನೆಟ್ಟು, ತಗಡಿನ ಕಾಲ. ತಗಡು ಗಾಳಿಯನ್ನ ಪೂರ್ತಿ ತಡೆಯುತ್ತೆ, ಆಷಾಢದಲ್ಲಿ ಕಂಬದ ಬುಡಾನೇ ಅಲ್ಲಾಡುತ್ತೆ. ಗಿಡದ ಬೇಲಿ ಗಾಳಿಯನ್ನ ಸೋಸಿ ಬಿಡುತ್ತೆ.

ಹೊಸದಾಗಿ ಮರೆ ಮಾಡೋರಿಗೆ ನಾನು ಹೇಳೋದಿಷ್ಟು. ಬೇಲಿಸಾಲು ಪಶ್ಚಿಮಕ್ಕಿದ್ರೆ ಮುಂಗಾರು ಗಾಳಿಗೂ ತಡೆ. ತರಕಾರಿ ಮಡಿ ಇದ್ರೆ ಎತ್ತರದ ಗಿಡ ಅದರ ಉತ್ತರಕ್ಕಿರಲಿ; ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ಮಡಿಗೆ ನೆರಳು ಬೀಳಲ್ಲ. ತುರ್ತಾದ ಕಡೆ ತಟ್ಟಿ ನಿಲ್ಲಿಸಿ, ಅದರ ಹಿಂದೆ ಲಕ್ಕಿ ಕಡ್ಡಿ ಊರಿ. ತಟ್ಟಿ ಕೊಳೆಯೋ ಹೊತ್ತಿಗೆ ಗಿಡ ಮರೆಯಾಗಿರುತ್ತೆ. ಹೂವಿನ ಅಂದಕ್ಕೆ ಮರುಳಾಗಿ ಗಿಡ ತರೋ ಮೊದಲು ಒಂದು ಕೇಳ್ಕೊಳ್ಳಿ: ಇದು ನೆಟ್ಟ ಜಾಗದಲ್ಲೇ ನಿಲ್ಲುತ್ತಾ?