ಈದ್ ಎಂದು? ನಾಳೆಯ ಲೆಕ್ಕದ ಚರಿತ್ರೆ

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ದುಡಿಯುವ ನಮ್ಮವರಲ್ಲಿ ಅನೇಕರು ಈದ್ ರಜೆಗೆ ಮೊದಲೇ ಅರ್ಜಿ ಹಾಕಬೇಕಾಗುತ್ತದೆ. ಮೊಬೈಲಿನಲ್ಲಿ ಈದ್‌ನ ದಿನಾಂಕ ವರ್ಷದ ಮುಂಚೆಯೇ ಸಿಗುತ್ತದೆ. ಆದರೆ ಚಂದ್ರದರ್ಶನ ಒಂದು ದಿನ ಆಚೀಚೆಯಾದರೆ ಪಡೆದ ರಜೆ ವ್ಯರ್ಥ.

ಮುಂದಿನ ಸಮಯವನ್ನು ಲೆಕ್ಕ ಹಾಕುವುದು ಮುಸ್ಲಿಮರಿಗೆ ಹೊಸತಲ್ಲ. ಹಿಂದೆ ದೊಡ್ಡ ಮಸೀದಿಗಳಲ್ಲಿ 'ಮುವಖ್ಖಿತ್' ಎಂಬ ಸಮಯಪಾಲಕರಿದ್ದರು. ಡಮಾಸ್ಕಸ್‌ನ ಉಮಯ್ಯದ್ ಮಸೀದಿಯಲ್ಲಿ ಆ ಹೊಣೆ ಹೊತ್ತಿದ್ದ ಖಗೋಳ ವಿದ್ವಾಂಸ ಇಬ್ನುಶ್ಶಾತಿರ್ 1371ರಲ್ಲಿ ಅಲ್ಲಿನ ಮಿನಾರಕ್ಕಾಗಿ ನೆರಳು ಗಡಿಯಾರ ರಚಿಸಿದರು. ನಮಾಝಿನ ವೇಳೆ ಸೂರ್ಯನನ್ನು ಅವಲಂಬಿಸಿದೆ. ಊರಿನ ಅಕ್ಷಾಂಶ, ರೇಖಾಂಶ ತಿಳಿದರೆ ವರ್ಷಗಳ ಪಟ್ಟಿಯನ್ನೇ ಸಿದ್ಧಪಡಿಸಬಹುದು. ಹಿಜರಿ ತಿಂಗಳು ಹಾಗಲ್ಲ. ನಮ್ಮಲ್ಲಿ ಅದು 29ರ ಸಂಜೆಯ ಚಂದ್ರದರ್ಶನಕ್ಕೆ ಕಾಯುತ್ತದೆ. ಕರಾವಳಿಯಲ್ಲಿ ಒಂದು ದಿನ, ಬೆಂಗಳೂರಿನಲ್ಲಿ ಮರುದಿನ ಈದ್ ಬರುವುದೂ ಉಂಟು.

ಈಗ ಲೆಕ್ಕದ ಕೆಲಸ ಕಂಪ್ಯೂಟರಿನದು. ಕಿಯೋನಿಕ್ಸ್ 1978ರಲ್ಲಿ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿಗೆ 1994ರಲ್ಲಿ ಇನ್ಫೋಸಿಸ್ ತನ್ನ ಕೇಂದ್ರ ಕಚೇರಿಯನ್ನು ತಂದಿತು. ಆ ದಶಕದ ಕೊನೆಯಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮಕ್ಕೆ ವಿದೇಶಗಳಿಂದ ಹೇರಳ ಕೆಲಸ ತಂದದ್ದು ದಿನಾಂಕದ ದೋಷವೇ. ಸ್ಮರಣೆಯ ಜಾಗ ಉಳಿಸಲು ಹಳೆಯ ಪ್ರೋಗ್ರಾಮುಗಳು ಇಸವಿಯ ಕೊನೆಯ ಎರಡೇ ಅಂಕಿಗಳನ್ನು ಇಟ್ಟುಕೊಳ್ಳುತ್ತಿದ್ದವು. 1995ರಲ್ಲಿ ಕೊಟ್ಟು 2005ಕ್ಕೆ ಮುಗಿಯುವ ಪರವಾನಗಿಯ ಅವಧಿ ಎಷ್ಟು? 05ರಿಂದ 95 ಕಳೆದರೆ ಹತ್ತು ವರ್ಷ ಬರುವುದಿಲ್ಲ. ಇಂಥ ಅಸಂಖ್ಯ ಸಾಲುಗಳನ್ನು ನಮ್ಮ ಇಂಜಿನಿಯರುಗಳು ಒಂದೊಂದಾಗಿ ಹುಡುಕಿ ತಿದ್ದಿದರು.

ವೆಬ್ ಪುಟಗಳಿಗಾಗಿ 1995ರಲ್ಲಿ ಬಂದ ಜಾವಾಸ್ಕ್ರಿಪ್ಟ್ ಭಾಷೆ 1970ರ ಜನವರಿ 1ರಿಂದ ಸೆಕೆಂಡಿನ ಸಾವಿರದ ಒಂದಂಶಗಳನ್ನು ಎಣಿಸಿ ಕಾಲವನ್ನು ಅಳೆಯುತ್ತದೆ. ಅದರಲ್ಲಿ ಜನವರಿ 31ರ ತಿಂಗಳ ಸಂಖ್ಯೆಗೆ ಒಂದು ಕೂಡಿಸಿದರೆ, ಫೆಬ್ರವರಿ 31 ಇಲ್ಲದ ಕಾರಣ, ಉತ್ತರ ಮಾರ್ಚ್ 3 ಎಂದು ಬರುತ್ತದೆ. ಅಧಿಕ ವರ್ಷವಾದರೆ ಮಾರ್ಚ್ 2. 'ಒಂದು ತಿಂಗಳ ನಂತರ' ಎಂದರೇನು ಎಂಬುದನ್ನು ಪ್ರೋಗ್ರಾಮ್ ಬರೆಯುವವರೇ ನಿರ್ಧರಿಸಬೇಕು.

ಮೊರಾಕ್ಕೊದ ಉದಾಹರಣೆ ಇನ್ನೂ ಸ್ವಾರಸ್ಯಕರ. 2018ರ ಬಳಿಕ ಅಲ್ಲಿ ಗಡಿಯಾರವನ್ನು ವರ್ಷವಿಡೀ ಒಂದು ಗಂಟೆ ಮುಂದಿಟ್ಟು, ರಮಝಾನ್‌ನಲ್ಲಿ ಮಾತ್ರ ಹಿಂದಕ್ಕೆ ತಿರುಗಿಸುವ ಪದ್ಧತಿ ಬಂತು. ಹೀಗಾಗಿ ಜಗತ್ತಿನ ಕಂಪ್ಯೂಟರುಗಳು ಬಳಸುವ ಸಮಯವಲಯಗಳ ದತ್ತಾಂಶದಲ್ಲಿ 2087ರವರೆಗಿನ ರಮಝಾನ್‌ಗಳ ಅಂದಾಜನ್ನು ಸೇರಿಸಲಾಗಿದೆ. ಅದನ್ನು ನಿರ್ವಹಿಸುವವರೇ ಅದು ಅಂದಾಜು ಮಾತ್ರ ಎಂದು ಬರೆದಿಟ್ಟಿದ್ದಾರೆ. ಅಧಿಕೃತ ಪ್ರಕಟಣೆ ಬೇರೆಯಾದರೆ ತಿದ್ದುತ್ತಾರೆ.

ನಮ್ಮ ಮನೆಗಳ ಯುವ ಇಂಜಿನಿಯರುಗಳು ಗಮನಿಸಬೇಕಾದ ಪ್ರಾಮಾಣಿಕತೆ ಇದು. ನಮಾಝಿನ ಆ್ಯಪ್ ಇರಲಿ, ಕಂಪೆನಿಯ ರಜಾ ಪಟ್ಟಿ ಇರಲಿ, ಈದ್‌ನ ದಿನಾಂಕದ ಪಕ್ಕದಲ್ಲಿ 'ಚಂದ್ರದರ್ಶನಕ್ಕೆ ಒಳಪಟ್ಟು' ಎಂದು ಸೇರಿಸಿ, ರಜೆಯನ್ನು ಒಂದು ದಿನ ಸರಿಸಲು ಅವಕಾಶವಿಟ್ಟರೆ ಪೀಣ್ಯದ ಪಾಳಿ ಕಾರ್ಮಿಕನಿಗೂ ಮನೆಯವರೊಂದಿಗೆ ಈದ್ ಆಚರಿಸಲು ಸಾಧ್ಯ. ಜುಮಾ ದಿನ ನಾವು ಓದುವ ಅಲ್‌ಕಹ್ಫ್ ಅಧ್ಯಾಯ, ನಾಳೆಯ ಕೆಲಸದ ಮಾತಾಡುವಾಗ 'ಇನ್‌ಶಾ ಅಲ್ಲಾಹ್' ಎನ್ನಲು ಕಲಿಸುತ್ತದೆ. ಲೆಕ್ಕ ಮಾಡಬಾರದೆಂದು ಅದರರ್ಥವಲ್ಲ. ಲೆಕ್ಕ ಮಾಡೋಣ, ಅದರ ಮಿತಿಯನ್ನೂ ತಿಳಿಸೋಣ.